ಗಾಂಪರೇ ಎಂಬ ಜಪಾನಿ ಪದ

ಮೊನ್ನೆ ಇಸ್ತ್ರಿಯ ಭಯ್ಯಾ ಬಟ್ಟೆಗಂಟು ತಂದುಕೊಟ್ಟವನು ಹೋಗದೆ ಬಾಗಿಲಲ್ಲೇ ನಿಂತ. ಗಂಟಿನ ಮೇಲೆ ಅಪ್ಪನ ನೀಲಿ ಟೈ ಇತ್ತು. ಅದರ ನಟ್ಟನಡುವೆ ಬೆರಳಿಟ್ಟು, "ದೀದಿ, ಯೇ ತೇಲ್ ಕಾ ದಾಗ್ ನಹೀಂ ಜಾಯೇಗಾ. ಸಾಬ್ ಗರ್ದನ್ ಮೇಂ ತೇಲ್ ಲಗಾತೇ ಹೈಂ ಕ್ಯಾ?" ಎಂದ. ಎಣ್ಣೆಯ ಕಲೆ ಹೋಗುವುದಿಲ್ಲವಂತೆ. ಸಾಹೇಬರು ಕುತ್ತಿಗೆಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆಯೇ ಎನ್ನುವುದು ನ್ಯಾಯವಾದ ಪ್ರಶ್ನೆಯೇ. ಇಲ್ಲ, ಟೈಯನ್ನು ತಲೆಗೆ ಕಟ್ಟಿಕೊಂಡಿದ್ದರು ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, "ಅಚ್ಛಾ" ಎಂದು ಮೆಟ್ಟಿಲಿಳಿದು ಹೋದ. ಸರ್ಕಾರಿ ಕ್ವಾರ್ಟರ್ಸಿನಲ್ಲಿ ವಾಸಿಸುವವರ ಬಗ್ಗೆ ಅವನಿಗೆ ಮೊದಲೇ ಇದ್ದ ಅಭಿಪ್ರಾಯಕ್ಕೆ ಇನ್ನೊಂದು ಪುರಾವೆ ಸಿಕ್ಕಿತೆಂಬ ಧ್ವನಿ ಆ ಅಚ್ಛಾದಲ್ಲಿ ಇತ್ತು.

ಅವನನ್ನು ವಾಪಸು ಕರೆದು, ಕೂರಿಸಿ, ಪೂರ್ತಿ ವಿವರಿಸಿಬಿಡಬೇಕೆನಿಸಿತು. ನನಗೆ ಅದೊಂದು ರೋಗ. ಚರ್ಚಾಸ್ಪರ್ಧೆಯಲ್ಲಿ ಪಳಗಿದ ಬಾಯಿ ನನ್ನದು. ದೆಹಲಿಯ ಆರ್.ಕೆ.ಪುರಂನಲ್ಲಿ ತರಕಾರಿ ಗಾಡಿಯ ಎದುರು ನಿಂತು, ಕೊತ್ತಂಬರಿ ಸೊಪ್ಪನ್ನು ಕೊಸರು ಕೊಡುವುದು ಮಾರುವವನ ಕೃಪೆಯೋ ಕೊಳ್ಳುವವಳ ಹಕ್ಕೋ ಎಂದು ವಾದಿಸಿ ಗೆದ್ದವಳು ನಾನು. ಗೆದ್ದ ಮರುದಿನದಿಂದ ಅವನು ನಮ್ಮ ಬ್ಲಾಕಿನ ಕಡೆ ಗಾಡಿ ತರುವುದನ್ನೇ ನಿಲ್ಲಿಸಿದ. ಅಮ್ಮ ಈಗಲೂ ಸೊಪ್ಪಿಗೆ ಮಾರ್ಕೆಟ್ಟಿನವರೆಗೆ ನಡೆಯುವಾಗೆಲ್ಲ ನನ್ನ ಆ ವಿಜಯವನ್ನು ನೆನೆಯುತ್ತಾಳೆ.

ಭಯ್ಯಾ ಹೋದ. ನೀವು ಸಿಕ್ಕಿದಿರಿ. ಕೂತುಕೊಳ್ಳಿ.

ಜಪಾನಿನಲ್ಲಿ ಮಧ್ಯವಯಸ್ಸಿನ ಗಂಡಸರನ್ನು ಹುರಿದುಂಬಿಸಲೆಂದೇ ಹಾಡುವ ತಮಾಷೆಯ ಹಾಡುಗಳಿವೆ. ನೀವು ಹುಬ್ಬೇರಿಸುತ್ತೀರೆಂದು ಗೊತ್ತು, ನಾನೂ ಏರಿಸಿದ್ದೆ. ಹುರಿದುಂಬಿಸಬೇಕಾದ ಪ್ರಾಣಿಗಳ ಸಾಲಿನಲ್ಲಿ ಮಧ್ಯವಯಸ್ಸಿನ ಗಂಡಸು ನನ್ನ ಪ್ರಕಾರ ಕಟ್ಟಕಡೆಯವನು. ಸಂಸತ್ತು ಅವನದು, ಸಚಿವಾಲಯ ಅವನದು, ಮನೆಯಲ್ಲಿ ಬಿಸಿ ಚಪಾತಿ ಮೊದಲು ಬೀಳುವುದು ಅವನ ತಟ್ಟೆಗೆ, ಟಿ.ವಿ.ಯ ರಿಮೋಟು ಅವನ ಹೊಟ್ಟೆಯ ಮೇಲೆ. ಇಷ್ಟೆಲ್ಲ ಇದ್ದವನಿಗೆ ಮೇಲೊಂದು ಹಾಡು ಬೇರೆ! ಈ ವಾದದಲ್ಲಿ ಹುರುಳಿದೆ ಎಂದೇ ನಾನು ಈಗಲೂ ಹೇಳುತ್ತೇನೆ. ಆದರೂ ಆ ಹಾಡುಗಳ ಪರವಾಗಿ ನಿಂತಿದ್ದೇನೆ. ಒಂದೇ ವಿಷಯದ ಎರಡೂ ಕಡೆ ಮಾತಾಡುವುದನ್ನು ಕಲಿತವರಿಗೆ ಇದು ಕಷ್ಟವಲ್ಲ.

ನಾನು ಹೊಟ್ಟೆಪಾಡಿಗೆ ದುಭಾಷಿ. ಪದವಿ ಓದುವಾಗ ಸಂಜೆ ತರಗತಿಯಲ್ಲಿ ಜಪಾನಿ ಕಲಿತೆ. ಈಗ ಗುರುಗ್ರಾಮದಲ್ಲಿ, ಕಾರಿನ ಬಿಡಿಭಾಗ ತಯಾರಿಸುವ ಒಂದು ಜಪಾನಿ ಕಂಪನಿಯಲ್ಲಿ ತನಾಕಾ ಎಂಬವರ ಮಾತನ್ನು ಇಲ್ಲಿನವರಿಗೂ ಇಲ್ಲಿನವರ ಮಾತನ್ನು ಅವರಿಗೂ ದಾಟಿಸುತ್ತೇನೆ. ತನಾಕಾ ಸಾನ್‌ಗೆ ಐವತ್ತು ದಾಟಿದೆ; ಸಾನ್ ಎಂದರೆ ನಮ್ಮ 'ಅವರು'. ಹೆಂಡತಿ, ಮಗಳು ಜಪಾನಿನಲ್ಲಿ. ಇವರು ಇಲ್ಲಿ ಒಂಟಿ. ಕಾರ್ಖಾನೆಗೆ ಹೋಗುವಾಗ ಬರುವಾಗ ದಾರಿಯಲ್ಲಿ ವಾಹನಗಳು ಗಂಟು ಕಟ್ಟಿಕೊಂಡು ನಿಂತರೆ, ಕಾರಿನಲ್ಲಿ ಈ ಹಾಡುಗಳನ್ನು ಹಾಕಿಕೊಂಡು ಕಣ್ಣು ಮುಚ್ಚುತ್ತಾರೆ.

ಮೊದಲ ಸಲ ಕೇಳಿದಾಗ ಯಾರೋ ತೀರಿಹೋಗಿರಬೇಕೆಂದುಕೊಂಡೆ. ಅಂಥ ರಾಗ. ಕರುಳು ಹಿಂಡಿ, ದನಿ ನಡುಗಿಸಿ, ಒಂದೊಂದು ಅಕ್ಷರವನ್ನೂ ಬಾವಿಯಿಂದ ಮೇಲಕ್ಕೆಳೆದಂತೆ ಹಾಡುತ್ತಿದ್ದ ಗಾಯಕ. ಮಾತಿಗೆ ಕಿವಿಗೊಟ್ಟರೆ, ಆತ ಹಾಡುತ್ತಿದ್ದದ್ದು ಮೊಣಕಾಲನ್ನು ಕುರಿತು. ಕೂತರೆ ಒಂದು ಶಬ್ದ ಮಾಡುತ್ತದಂತೆ, ಎದ್ದರೆ ಇನ್ನೊಂದು. ಮನೆಯಲ್ಲಿ ತನ್ನ ಮಾತಿಗೆ ಉತ್ತರ ಕೊಡುವುದು ಅದೊಂದೇ ಅಂತೆ. ಇನ್ನೊಂದು ಹಾಡಿನಲ್ಲಿ ಒಬ್ಬಾತ ಉಳಿದ ಕೂದಲುಗಳಿಗೆ ಒಂದೊಂದು ಹೆಸರಿಟ್ಟು ಬೆಳಿಗ್ಗೆ ಕನ್ನಡಿಯ ಮುಂದೆ ಹಾಜರಿ ಕರೆಯುತ್ತಾನೆ. ಮತ್ತೊಬ್ಬ ಆಫೀಸು ಮುಗಿಸಿ ರೈಲಿನಲ್ಲಿ ನಿದ್ದೆ ಹೋಗಿ ಕೊನೆಯ ನಿಲ್ದಾಣದಲ್ಲಿ ಎದ್ದು, ಗುರುತಿಲ್ಲದ ಬೆಟ್ಟಕ್ಕೆ ಬಾಗಿ ನಮಸ್ಕರಿಸಿ, "ತಡವಾಗಿ ಬಂದೆ, ಕ್ಷಮಿಸಿ ಸಾರ್" ಎನ್ನುತ್ತಾನೆ. ಪ್ರತಿ ನುಡಿಯ ಕೊನೆಗೂ ಹಿಂದಿನಿಂದ ಒಂದಷ್ಟು ಗಂಡುದನಿಗಳು, "ಗಂಬರೇ, ಗಂಬರೇ, ಒಜಿಸಾನ್!"

ಒಜಿಸಾನ್ ಎಂದರೆ ಅಂಕಲ್. ಮಧ್ಯದ 'ಜಿ'ಯನ್ನು ಎಳೆದು ಒಜೀಸಾನ್ ಎಂದರೆ ಅಜ್ಜ. ಹ್ರಸ್ವ ದೀರ್ಘದ ತಪ್ಪಿಗೆ ನಮ್ಮ ಶಾಲೆಯ ಕನ್ನಡ ಮೇಡಂ ಕಿವಿ ಹಿಂಡುತ್ತಿದ್ದರು, ಅಷ್ಟೇ. ಜಪಾನಿನಲ್ಲಿ ಅದೇ ತಪ್ಪಿಗೆ ಎದುರಿಗಿದ್ದವನು ನಿಂತಲ್ಲೇ ಮುದುಕನಾಗುತ್ತಾನೆ.

ಈಗ ಅಪ್ಪನ ವಿಷಯ. ಅಪ್ಪ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಹಾಸನದಿಂದ ದೆಹಲಿಗೆ ಬಂದಾಗ ಮೀಸೆ ಸರಿಯಾಗಿ ಮೂಡಿರಲಿಲ್ಲವಂತೆ, ಈಗ ನರೆತಿದೆ. ಅವರು ಹಾಡುಗಾರರು. ಶಾಸ್ತ್ರೀಯ ಸಂಗೀತ ಬಾರದು. ಗಡ್ಡ ಹೆರೆಯುವ ಸಂಗೀತ ಬರುತ್ತದೆ. ನಮ್ಮ ಬಚ್ಚಲುಮನೆಗೆ ಒಳ್ಳೆಯ ಮಾರ್ದನಿ ಇದೆ; ಕಟ್ಟಿಸಿದವರಿಗೆ ಆ ಉದ್ದೇಶ ಇರಲಿಕ್ಕಿಲ್ಲ. ಬ್ಲೇಡು ಗಲ್ಲದ ಮೇಲಿದ್ದಾಗ ಚರಣ, ತುಟಿಯ ಮೇಲಿದ್ದಾಗ ಗುನುಗು, ಗದ್ದಕ್ಕೆ ಬಂದಾಗ ಆಲಾಪ. ನಾನು ಸಣ್ಣವಳಿದ್ದಾಗ ಸ್ಕೂಟರಿನ ಮುಂದೆ ನನ್ನನ್ನು ನಿಲ್ಲಿಸಿಕೊಂಡು ಶಾಲೆಗೆ ಬಿಡುತ್ತಿದ್ದರು. ಕೆಂಪು ದೀಪ ಬಿದ್ದರೆ ಸಾಕು, ಹಳೆಯ ಸಿನಿಮಾ ಹಾಡು. ನನ್ನ ನೆತ್ತಿಯ ಮೇಲೆ ಅವರ ಗದ್ದ ತಾಳ ಹಾಕುತ್ತಿತ್ತು. ಮೋತಿಬಾಗಿನ ದೀಪದಲ್ಲಿ ಒಮ್ಮೆ ಪಕ್ಕದ ಬಸ್ಸಿನ ಡ್ರೈವರು ಕಿಟಕಿಯಿಂದ ಬಾಗಿ, "ವಾಹ್ ಮದ್ರಾಸಿ, ಏಕ್ ಔರ್!" ಎಂದಿದ್ದ. ಅಪ್ಪ ಹಸಿರು ದೀಪ ಬಂದರೂ ಹೊರಡಲಿಲ್ಲ. ಮದ್ರಾಸಿಯಲ್ಲ ಕರ್ನಾಟಕದವನು ಎಂದು ಅವನಿಗೆ ಭೂಗೋಳ ಹೇಳಿ, ಕೇಳಿದ್ದಕ್ಕೆ ಇನ್ನೊಂದು ಹಾಡಿ, ಆಮೇಲೆ ಹೊರಟರು. ಹಿಂದೆ ಹಾರನ್ನುಗಳ ಸಮುದ್ರ. ನನ್ನ ವಾದಿಸುವ ಚಟ ಎಲ್ಲಿಂದ ಬಂತು ಎಂದು ಅಮ್ಮ ಕೇಳುವುದೇ ಇಲ್ಲ.

ಆ ಅಪ್ಪ ಈಚೆಗೆ ಹಾಡುವುದನ್ನು ನಿಲ್ಲಿಸಿದ್ದರು. ಬರಬೇಕಾಗಿದ್ದ ಬಡ್ತಿ ಬರಲಿಲ್ಲ. ಬಾರದಿದ್ದರೆ ಹೋಗಲಿ, ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತು ಕಡತದ ಮೇಲೆ ಟಿಪ್ಪಣಿ ಬರೆಯುವುದನ್ನು ಕಲಿತ ಹುಡುಗನೊಬ್ಬ ಪರೀಕ್ಷೆ ಕಟ್ಟಿ, ಏಣಿ ಹತ್ತಿ, ಅಪ್ಪನಿಗೇ ಮೇಲಧಿಕಾರಿಯಾಗಿ ಬಂದ. ಇದನ್ನು ಅಪ್ಪ ಮನೆಯಲ್ಲಿ ಹೇಳಲಿಲ್ಲ. ಕರೋಲ್ ಬಾಗಿನಲ್ಲಿ ಸಣ್ಣ ಹೋಟೆಲೊಂದರ ಮ್ಯಾನೇಜರ್ ಆಗಿರುವ, ಅಪ್ಪನ ಹಳೆಯ ಸ್ನೇಹಿತ ಶೆಟ್ಟಿ ಅಂಕಲ್ ಬಾಯಿಬಿಟ್ಟಾಗ ನಮಗೆ ಗೊತ್ತಾಯಿತು. ಗೊತ್ತಾಗಿದೆ ಎಂದು ನಾವು ಹೇಳಲಿಲ್ಲ, ನಮಗೆ ಗೊತ್ತಾಗಿದೆ ಎಂದು ಗೊತ್ತಾಗಿದೆ ಎಂದು ಅಪ್ಪನೂ ಹೇಳಲಿಲ್ಲ. ಬಚ್ಚಲುಮನೆಯಿಂದ ನೀರಿನ ಸದ್ದು ಮಾತ್ರ ಬರತೊಡಗಿತು. ನಮ್ಮ ಬಡಾವಣೆಯ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಪ್ರತಿವರ್ಷ ಹಾಡುತ್ತಿದ್ದವರು, ಈ ಸಲದ ಕಾರ್ಯಕ್ರಮಕ್ಕೆ ಹೆಸರು ಕೇಳಿದಾಗ, "ಗಂಟಲು ಸರಿ ಇಲ್ಲ, ಹೊಗೆ ನೋಡಿ" ಎಂದುಬಿಟ್ಟರು. ದೆಹಲಿಯ ನವೆಂಬರ್ ಇಂಥ ವಿಷಯದಲ್ಲಿ ಬಹಳ ಉಪಕಾರಿ. ಇಡೀ ಊರಿಗೇ ಗಂಟಲು ಸರಿ ಇರುವುದಿಲ್ಲ. ಯಾರ ನೆಪವನ್ನೂ ಯಾರೂ ಪರೀಕ್ಷಿಸುವ ಹಾಗಿಲ್ಲ.

ಹುರಿದುಂಬಿಸುವವರಿಗೆ ಬರವಿರಲಿಲ್ಲ. ಸೂರ್ಯೋದಯದ ಚಿತ್ರದ ಮೇಲೆ ಬರೆದ ಉಪದೇಶಗಳು ಮೊಬೈಲಿಗೆ ಬೆಳಗಾಗುವುದರೊಳಗೆ ಬಂದು ಬೀಳುತ್ತಿದ್ದವು. ಯಾರೋ ಪಾರ್ಕಿನ ನಗೆಕೂಟಕ್ಕೆ ಎಳೆದುಕೊಂಡು ಹೋದರು. ಅಪ್ಪ ಅರ್ಧಕ್ಕೇ ಎದ್ದು ಬಂದರು.

"ಯಾಕ್ರೀ?" ಎಂದಳು ಅಮ್ಮ.

"ಕೈ ಮೇಲೆತ್ತಿ ಹ ಹ ಹ ಅನ್ನಿ ಅಂದ. ಯಾತಕ್ಕೆ ಅಂದೆ. ಕಾರಣ ಬೇಕಿಲ್ಲ ಅಂದ. ಕಾರಣ ಬರೀದೆ ಒಂದು ಫೈಲೂ ಮುಂದಕ್ಕೆ ಕಳಿಸಿದೋನಲ್ಲ ನಾನು. ಕಾರಣ ಇಲ್ದೆ ನಗು ಅಂದ್ರೆ?"

ನನಗೆ ಈ ವಾದ ಬಹಳ ಹಿಡಿಸಿತು. ಸುಳ್ಳು ಉತ್ಸಾಹದಷ್ಟು ಸುಸ್ತು ಮಾಡುವ ವಸ್ತು ಇನ್ನೊಂದಿಲ್ಲ. ನೀನು ಸಿಂಹ, ಆಕಾಶವೇ ನಿನ್ನ ಎಲ್ಲೆ ಎಂದೆಲ್ಲ ಹೇಳುತ್ತಾರೆ. ಸಿಂಹಕ್ಕೆ ಬೆಳಿಗ್ಗೆ ಬಸ್ಸಿನಲ್ಲಿ ಸೀಟು ಸಿಕ್ಕಿರುವುದಿಲ್ಲ.

ಇಂಥ ದಿನಗಳಲ್ಲೇ ಒಂದು ಭಾನುವಾರ ನಾನು ಅಡಿಗೆಮನೆಯಲ್ಲಿ ಮೊಬೈಲಿನಲ್ಲಿ ಆ ಹಾಡುಗಳನ್ನು ಹಾಕಿಕೊಂಡಿದ್ದೆ. ಕಂಪನಿಯ ಸಂತೋಷಕೂಟ ಹತ್ತಿರ ಬಂದಿತ್ತು. ತನಾಕಾ ಸಾನ್ ಹಾಡುವವರಿದ್ದರು, ನಾನು ಅರ್ಥ ಹೇಳಬೇಕಿತ್ತು. ಗಾಯಕ ಬಾವಿಯಿಂದ ಅಕ್ಷರ ಸೇದುತ್ತಿದ್ದ. ಹಿಂದಿನ ದನಿಗಳು ಎಳೆದವು: "ಗಾಂ...ಬ...ರೇ!"

ಬಚ್ಚಲುಮನೆಯ ಬಾಗಿಲು ತೆರೆಯಿತು. ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡು ಅಪ್ಪ ಇಣುಕಿದರು.

"ಏ ಪುಟ್ಟಿ, ಯಾರವನು? ಯಾರನ್ನ ಗಾಂಪರೇ ಅಂತಿದ್ದಾನೆ?"

"ಅದು ಗಾಂಪರೇ ಅಲ್ಲ ಅಪ್ಪ, ಜಪಾನಿ..."

ಕುಕ್ಕರು ಕೂಗಿತು. ಅದು ಮುಗಿಯುವಷ್ಟರಲ್ಲಿ ಅಪ್ಪ ಮೊಬೈಲು ಕೈಗೆತ್ತಿಕೊಂಡಿದ್ದರು. "ಏನು ಹಾಡ್ತಿದ್ದಾನೆ ಹೇಳು."

"ಹೊಟ್ಟೆ ಬಗ್ಗೆ. ನಾನು ಮನೆಗೆ ಬರೋ ಮೊದಲು ನನ್ನ ಹೊಟ್ಟೆ ಬರತ್ತೆ, ಹೆಂಡತಿ ಅದಕ್ಕೇ ಚಹಾ ಕೊಟ್ಟು ಬಾಗಿಲು ಹಾಕ್ಕೋತಾಳೆ ಅಂತ."

ಅಪ್ಪನ ನೊರೆಯೊಳಗಿಂದ ಒಂದು ಸದ್ದು ಬಂತು. "ಆಮೇಲೆ ಗಾಂಪರೇ ಅಂತಾನೆ! ಅನ್ನಲೇಬೇಕು. ಸರಿಯಾಗಿದೆ. ಇನ್ನೊಂದ್ಸಲ ಹಾಕು."

ಗಾಂಪ ಎಂಬುದು ಅಪ್ಪನಿಗೆ ಬೈಗುಳವಲ್ಲ. ದಡ್ಡ ಎಂದರೆ ಪರೀಕ್ಷೆಯಲ್ಲಿ ನಪಾಸಾದವನು, ಮೂರ್ಖ ಎಂದರೆ ಕೇಳುವವನಿಗೆ ಕೋಪ ಬರುತ್ತದೆ. ಗಾಂಪ ಎಂದರೆ ಬೇರೆ. ನಂಬಿ ಕೆಟ್ಟವನು, ತನ್ನ ಸರದಿ ಬರುತ್ತದೆಂದು ಸಾಲಿನಲ್ಲಿ ನಿಂತೇ ಇರುವವನು, ಮೋಸ ಹೋದ ಮೇಲೂ ಮೋಸ ಮಾಡಿದವನಿಗೆ ಚಹಾ ಕೊಡುವವನು. ಅದರಲ್ಲಿ ಅರ್ಧ ಬೈಗುಳ, ಅರ್ಧ ಬೆನ್ನ ಮೇಲಿನ ಕೈ. ಹಾಸನದಲ್ಲಿ ಅಪ್ಪನನ್ನು ಅವರ ಅಕ್ಕ ಹಾಗೇ ಕರೆಯುತ್ತಿದ್ದರಂತೆ. ದೆಹಲಿಗೆ ಬಂದ ಮೇಲೆ ಅವರನ್ನು ಗಾಂಪ ಎಂದು ಕರೆಯುವಷ್ಟು ಹತ್ತಿರದವರು ಯಾರೂ ಸಿಕ್ಕಲಿಲ್ಲ.

ಆ ಭಾನುವಾರ ಗಡ್ಡದ ಎರಡನೆಯ ಅರ್ಧ ಹಾಡಿನೊಂದಿಗೆ ಮುಗಿಯಿತು. ಅಮ್ಮ ಹಿಟ್ಟಿನ ಕೈಯಲ್ಲೇ ಬಂದು ಬಚ್ಚಲುಮನೆಯ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಳು. ನನ್ನನ್ನು ನೋಡಿದಳು. ಆಮೇಲೆ, ಅಮ್ಮನಲ್ಲವೇ, "ಅಲ್ಲ ಕಣೇ, ಈ ವಯಸ್ಸಿನ ಹೆಂಗಸರಿಗೆ ಹಾಡಿಲ್ವೇನು ಅಲ್ಲಿ? ಗಂಡಸರು ಮಾತ್ರ ಸೊರಗೋದಾ?" ಎಂದಳು. ನನ್ನದೇ ಪ್ರಶ್ನೆ. ಮರುದಿನ ತನಾಕಾ ಸಾನ್‌ಗೆ ದಾಟಿಸಿದೆ. ಅವರು ಬಹಳ ಯೋಚಿಸಿ ಹೇಳಿದರು: "ಈ ಹಾಡು ಕೇಳಿ ನನಗಿಂತ ಹೆಚ್ಚು ನಗುವವಳು ನನ್ನ ಹೆಂಡತಿ. ಅವಳ ಹಾಡೂ ಇದೇ ಇರಬೇಕು." ಅಮ್ಮ ಈ ಉತ್ತರವನ್ನು ಒಪ್ಪಿಕೊಂಡಳು. ನಾನು ಇನ್ನೂ ಪೂರ್ತಿ ಒಪ್ಪಿಲ್ಲ. ಅದು ಬೇರೆ ದಿನದ ಜಗಳ.

ಅಪ್ಪ ಜಪಾನಿ ಮಾತುಗಳಿಗೆ ಕನ್ನಡ ಕಟ್ಟತೊಡಗಿದರು. ಶೆಟ್ಟಿ ಅಂಕಲ್ ಕರೋಲ್ ಬಾಗಿನಿಂದ ಮೆಟ್ರೋ ಹತ್ತಿ ಬಂದು ಸ್ಟೀಲ್ ಡಬ್ಬದ ಮೇಲೆ ತಾಳ ಹಾಕಿದರು. ತನಾಕಾ ಸಾನ್ ಪಾರ್ಟಿಯಲ್ಲಿ ಟೈ ಬಿಚ್ಚಿ ಹಣೆಗೆ ಕಟ್ಟಿಕೊಂಡು ಹಾಡಿದರು ಎಂದು ನಾನು ಹೇಳಿದ್ದೇ ತಡ, ಅಪ್ಪ ಯಾವುದೋ ತರಬೇತಿಗೆಂದು ಕೊಂಡಿದ್ದ ನೀಲಿ ಟೈ ಹುಡುಕಿ ತೆಗೆದರು. "ಇಷ್ಟು ವರ್ಷ ಇದನ್ನ ತಪ್ಪು ಜಾಗದಲ್ಲಿ ಕಟ್ಕೊಂಡು ಉಸಿರು ಕಟ್ಟಿಸ್ಕೊಂಡ್ವಲ್ಲ ಶೆಟ್ರೇ!" ಎಂದರು. ಗಂಟಲಿನ ತೊಂದರೆ ವಾಸಿಯಾಯಿತು ಎಂದು ಕನ್ನಡ ಕೂಟದ ಕಾರ್ಯದರ್ಶಿಗೆ ಫೋನೂ ಹೋಯಿತು.

ಕಾರ್ಯದರ್ಶಿ ಭೀಮಸೇನರಾಯರು ಧಾರವಾಡದ ಕಡೆಯವರು. ಅವರದೂ ಕೇಂದ್ರ ಸರ್ಕಾರದ ನೌಕರಿ. ಮದುವೆಗೆ ಬಂದರೂ ಸಭೆಗೆ ಬಂದಂತೆ ಕೂರುವ ಮನುಷ್ಯ. ಕಾರ್ಯಕ್ರಮ ಅಂತಿಮಗೊಳಿಸಲು ಅವರ ಮನೆಯಲ್ಲಿ ಎಲ್ಲರೂ ಸೇರಿದೆವು. ಉಪ್ಪಿಟ್ಟು ಬಂತು. ಅಪ್ಪ ಒಂದು ನುಡಿ ಹಾಡಿ ತೋರಿಸಿದರು. ರಾಯರ ಚಮಚ ಅರ್ಧದಾರಿಯಲ್ಲಿ ನಿಂತಿತು.

"ಅಲ್ರೀ ಮೂರ್ತಿಯವರ, ರಾಜ್ಯೋತ್ಸವದಾಗ ಜಪಾನಿ ಹಾಡ? ಆತು, ಅದನ್ನ ಬಿಡ್ರಿ, ವಿಶ್ವಮಾನವರು ಅಂತ ತಿಳ್ಕೊಳ್ಳೋಣು. ಆದ್ರ ಗಾಂಪರೇ ಅಂದ್ರ ಹೆಂಗ್ರೀ? ಮುಂದ ಕೂತವ್ರೊಳಗ ಅರ್ಧಾ ಮಂದಿ ಗೆಜೆಟೆಡ್ ಆಫೀಸರ್ರು. ಮುಖ್ಯ ಅತಿಥಿಗಳು ಎಂಥಾ ದೊಡ್ಡ ಹುದ್ದೆದಾಗ ಇದ್ದು ರಿಟೈರ್ ಆದವ್ರು! ಅವರ ಮಾರಿಗೆ ಕೈ ಮಾಡಿ ಗಾಂಪರೇ ಅಂತೀರೇನು? 'ಧೀರರೇ' ಅಂತ ಹಾಕ್ರಿ. ಮಾತ್ರೆನೂ ಸರಿ ಕೂಡತಾವ."

ಮಾತ್ರೆ ನಿಜವಾಗಿಯೂ ಸರಿಯಾಗಿತ್ತು, ಅದನ್ನು ಒಪ್ಪಬೇಕು.

"ಧೀರರು ಯಾರುಂಟು ಮಾರಾಯ್ರೇ ಇಲ್ಲಿ?" ಎಂದರು ಶೆಟ್ಟಿ ಅಂಕಲ್. "ನಾನು ಹೆಂಡತಿಗೆ ಹೇಳದೆ ಒಂದು ಜಿಲೇಬಿ ತಿನ್ನುವುದಿಲ್ಲ."

"ಗಾಂಪರೇ ಇದ್ರೆ ಹಾಡ್ತೀನಿ ರಾಯರೇ. ಇಲ್ದಿದ್ರೆ ಬೇಡ" ಎಂದರು ಅಪ್ಪ. ಮೆತ್ತಗೆ ಹೇಳಿದರು, ಆದರೆ ತಟ್ಟೆ ಕೆಳಗಿಟ್ಟರು.

"ಹಂಗಾರ ಬ್ಯಾಡ ಬಿಡ್ರಿ."

ನನ್ನ ಬಾಯಿ ಎಷ್ಟು ಹೊತ್ತು ಮುಚ್ಚಿಕೊಂಡಿರುತ್ತದೆ? ಎದ್ದು ನಿಂತೆ. ಎದುರಾಳಿಯ ವಾದ ನಿಂತಿರುವ ಕಾಲನ್ನೇ ಎಳೆಯಬೇಕೆಂಬುದು ನಾವು ಕಲಿತ ಮೊದಲ ಪಾಠ. ರಾಯರ ವಾದ ನಿಂತಿದ್ದದ್ದು ಒಂದೇ ಪದದ ಮೇಲೆ. "ಅಂಕಲ್, ಅದು ಗಾಂಪರೇ ಅಲ್ಲ. ಗಂಬರೇ. ಜಪಾನಿ ಕ್ರಿಯಾಪದ. ಪ್ರಯತ್ನ ಬಿಡಬೇಡಿ, ಛಲದಿಂದ ಮುನ್ನುಗ್ಗಿ ಅಂತ ಅರ್ಥ. ಆ ದೇಶದಲ್ಲಿ ಮಕ್ಕಳಿಗೆ ಪರೀಕ್ಷೆಗೆ ಮುಂಚೆ ಹೇಳೋ ಮಾತು. ಇದರಲ್ಲಿ ಯಾರಿಗೂ ಅವಮಾನ ಇಲ್ಲ."

ರಾಯರ ಮುಖ ಅರಳಿತು. "ಅಚ್ಛಾ! ಮೊದಲ ಹೇಳಬಾರದೇನವಾ? ಇದು ಸ್ಫೂರ್ತಿಗೀತೆ! 'ಜಪಾನ್ ದೇಶದ ಸ್ಫೂರ್ತಿಗೀತೆ, ಗಂಬರೇ ಅರ್ಥಾತ್ ಪ್ರಯತ್ನಶೀಲರಾಗಿರಿ.' ನಾನ ಸ್ಟೇಜಿನ ಮ್ಯಾಲೆ ಅರ್ಥ ಹೇಳತೇನಿ. ಪಾಸ್! ಉಪ್ಪಿಟ್ಟು ತಗೋರಿ."

ಗೆದ್ದಿದ್ದೆ. ಅಪ್ಪನ ಕಡೆ ತಿರುಗಿದೆ. ಅವರು ಉಪ್ಪಿಟ್ಟಿನಲ್ಲಿದ್ದ ಕರಿಬೇವನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದರು.

ಮನೆಗೆ ನಡೆದು ಬರುವಾಗ ಕೇಳಿದರು: "ಅದು ನಿಜವಾ? ಪ್ರಯತ್ನ ಪಡು ಅಂತಾನಾ ಅವನು?"

"ಹೂಂ."

"ಅದೇನೋ ಹೇಳೋಕೆ ಬಂದಿದ್ದೆ ನೀನು ಅವತ್ತು. ಕುಕ್ಕರ್ ಕೂಗ್ತು." ದಾರಿಯಲ್ಲಿ ಬಿದ್ದಿದ್ದ ಕಲ್ಲೊಂದನ್ನು ಚಪ್ಪಲಿಯಿಂದ ಪಕ್ಕಕ್ಕೆ ತಳ್ಳಿದರು. "ಪ್ರಯತ್ನ ಪಡು ಅಂತ ನಮ್ಮಪ್ಪ ಹೇಳಿದ್ರು, ಮೇಷ್ಟ್ರು ಹೇಳಿದ್ರು, ಇಲ್ಲಿ ಬಂದ ಬಂದ ಸಾಹೇಬರೆಲ್ಲ ಹೇಳಿದ್ರು. ಪಟ್ಟೆ. ಅಷ್ಟು ದೂರದಿಂದ ಇವನೂ ಅದನ್ನೇ ಹೇಳಬೇಕಾ ಪುಟ್ಟಿ? ಇವನೊಬ್ಬನಾದ್ರೂ, ಲೋ ಗಾಂಪ, ಆಗಿದ್ದಾಯ್ತು, ಬಾ ಕೂತ್ಕೋ ಅಂತಿದ್ದಾನೆ ಅಂದ್ಕೊಂಡಿದ್ದೆ."

ಮರುದಿನ ಬೆಳಿಗ್ಗೆ ಬಚ್ಚಲುಮನೆಯಿಂದ ನೀರಿನ ಸದ್ದು ಮಾತ್ರ. ಟೈ ಮತ್ತೆ ಬೀರುವಿಗೆ ಹೋಯಿತು. ಅಮ್ಮ ನನ್ನೊಡನೆ ಮಾತಾಡಲಿಲ್ಲ. ಪಾತ್ರೆಗಳೊಡನೆ ಜೋರಾಗಿ ಮಾತಾಡಿದಳು.

ಇಲ್ಲಿ ನಾನು ಎದೆ ಬಡಿದುಕೊಂಡು ಪಶ್ಚಾತ್ತಾಪ ಪಡುತ್ತೇನೆಂದು ನೀವು ಕಾಯುತ್ತಿದ್ದರೆ, ಇಲ್ಲ. ಪದದ ಅರ್ಥ ಅದೇ, ನಾನು ದುಭಾಷಿ, ಸುಳ್ಳು ಹೇಳುವುದಿಲ್ಲ. ಆದರೆ ಶಬ್ದಕೋಶದಲ್ಲಿ ಇರುವ ಅರ್ಥವೇ ಹಾಡಿನಲ್ಲೂ ಇರಬೇಕೆಂದು ಯಾರು ತೀರ್ಮಾನಿಸಿದರು? ಒಂದು ಕಡೆಯಿಂದ ಗೆದ್ದ ವಿಷಯವನ್ನು ಇನ್ನೊಂದು ಕಡೆಯಿಂದಲೂ ವಾದಿಸಿ ನೋಡಬೇಕು. ಸಾಕ್ಷಿಯೊಂದು ಬೇಕಿತ್ತು. ಸಾಕ್ಷಿ ನನ್ನ ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು; ಮುಂದೆ ಟ್ರಕ್ಕುಗಳು ಕದಲುತ್ತಿರಲಿಲ್ಲ.

"ತನಾಕಾ ಸಾನ್, ಈ ಹಾಡಿನಲ್ಲಿ ಗಂಬರೇ ಎಂದರೆ ಏನು?"

ಅವರು ಕಣ್ಣು ತೆರೆದರು. "ಗೊತ್ತಲ್ಲ ನಿಮಗೆ. ಪ್ರಯತ್ನಪಡು."

"ಅದನ್ನು ಕೇಳಿದರೆ ನಿಮಗೆ ಹುರುಪು ಬರುತ್ತದೆಯೇ?"

"ಮ್ಯಾನೇಜರು ಹೇಳಿದರೆ ಬರುವುದಿಲ್ಲ. ನಿದ್ದೆ ಬರುತ್ತದೆ." ಆಮೇಲೆ ಕಿಟಕಿಯ ಹೊರಗೆ ನೋಡುತ್ತ ಹೇಳಿದರು: "ಮನಸ್ಸು ಕುಸಿದವನಿಗೆ ಆ ಮಾತು ಹೇಳಬಾರದು ಎನ್ನುತ್ತಾರೆ ನಮ್ಮಲ್ಲಿ. ಅವನು ಪ್ರಯತ್ನ ಪಟ್ಟೇ ಅಲ್ಲವೇ ಕುಸಿದಿರುವುದು? ಆದರೆ ಈ ಹಾಡಿನಲ್ಲಿ ಹೇಳುವವನೂ ಬಿದ್ದಿರುತ್ತಾನೆ. ಬಿದ್ದಲ್ಲಿಂದಲೇ ಪಕ್ಕದಲ್ಲಿ ಬಿದ್ದವನಿಗೆ ಹೇಳುತ್ತಾನೆ. ಅದಕ್ಕೇ ನಗು."

ಆಗ ನಾನು ಅಪ್ಪನ ಗಾಂಪರೇ ಹೇಳಿದೆ. ಗಾಂಪ ಎಂದರೇನೆಂದು ದಾಟಿಸುವುದಕ್ಕೆ ನನಗೆ ಅರ್ಧ ಗುರುಗ್ರಾಮ ಹಿಡಿಯಿತು. ಸಾಲು, ಸರದಿ, ಚಹಾ ಎಲ್ಲ ಹೇಳಿದೆ. ತನಾಕಾ ಸಾನ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಡ್ರೈವರು ಗಾಬರಿಯಾಗಿ ಕನ್ನಡಿಯಲ್ಲಿ ನೋಡಿದ.

"ಮೂರ್ತಿ ಸಾನ್, ನೀವು ಒಳ್ಳೆಯ ದುಭಾಷಿ" ಎಂದರು. "ಆದರೆ ಇದೊಂದನ್ನು ಸರಿಯಾಗಿ ಅನುವಾದ ಮಾಡಿದ್ದು ನಿಮ್ಮ ತಂದೆ."

ಮನೆಗೆ ಬಂದು ಇದನ್ನು ಪೂರ್ಣವಿರಾಮ ಸಹಿತ ಅಪ್ಪನಿಗೆ ಒಪ್ಪಿಸಿದೆ. ಅಪ್ಪ ಪತ್ರಿಕೆ ಮಡಚಿದರು.

"ಅವನ ವಯಸ್ಸೆಷ್ಟು?"

"ನಿಮ್ಮಷ್ಟೇ."

"ಬಡ್ತಿ?"

"ಬಂದಿದ್ರೆ ಟೋಕಿಯೋದಲ್ಲಿ ಇರ್ತಿದ್ರು. ಬರಲಿಲ್ಲ, ಗುರುಗ್ರಾಮಕ್ಕೆ ಕಳಿಸಿದ್ರು."

"ಅಯ್ಯೋ ಗಾಂಪ!" ಎಂದರು ಅಪ್ಪ, ಯಾವುದೋ ಹಳೆಯ ಗೆಳೆಯನ ಸುದ್ದಿ ಬಂದ ಹಾಗೆ. ಬಡ್ತಿ ಎಂಬ ಪದ ನಮ್ಮ ಮನೆಯಲ್ಲಿ ಅಷ್ಟು ದಿನಗಳಲ್ಲಿ ಮೊದಲ ಸಲ ಗಟ್ಟಿಯಾಗಿ ಕೇಳಿಸಿದ್ದು ಆಗಲೇ. ಅದನ್ನು ಗಮನಿಸಿದ್ದು ನಾನೂ ಅಮ್ಮನೂ. ಅಪ್ಪ ಆಗಲೇ ಡಬ್ಬ ತರಲು ಶೆಟ್ಟರಿಗೆ ಫೋನು ಮಾಡುತ್ತಿದ್ದರು.

ರಾಜ್ಯೋತ್ಸವದ ಸಂಜೆ. ಸಮುದಾಯ ಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಫಾರಿ ಸೂಟುಗಳು, ಕೋಟುಗಳು, ನಡುವೆ ಶಾಲು ಹೊದ್ದ ಮುಖ್ಯ ಅತಿಥಿ. ಹಿಂದಿನ ಸಾಲುಗಳಲ್ಲಿ ಮಕ್ಕಳು ಹಿಂದಿಯಲ್ಲಿ ಜಗಳವಾಡುತ್ತಿದ್ದರು, ತಾಯಂದಿರು ಕನ್ನಡದಲ್ಲಿ ಬಿಡಿಸುತ್ತಿದ್ದರು. ಭೀಮಸೇನರಾಯರು ಮೈಕಿನಲ್ಲಿ, "ಈಗ ಜಪಾನ್ ದೇಶದ ಸ್ಫೂರ್ತಿಗೀತೆ. ಇದರ ಪಲ್ಲವಿಯ ಅರ್ಥ..." 

"ಅರ್ಥ ನಾನೇ ಹೇಳ್ತೀನಿ ರಾಯರೇ" ಎಂದು ಅಪ್ಪ ಮೈಕು ಇಸಿದುಕೊಂಡರು. ಟೈ ಹಣೆಯ ಮೇಲಿತ್ತು. ಹೆಂಗಸರ ಕಡೆಯಿಂದ ಒಂದು ಕಿಸಕ್ ಎಂಬ ಸದ್ದು ಬಂತು. "ಪಲ್ಲವಿ ಗಾಂಪರೇ ಅಂತ. ಅರ್ಥಾನೂ ಅದೇ. ನಮಗಲ್ಲ ಅಂದ್ಕೊಂಡೋರು ಸುಮ್ನೆ ಕೂತಿರಬಹುದು. ನಮಗೇ ಅನ್ನಿಸಿದೋರು ಜೊತೆಗೆ ಹಾಡಬಹುದು."

ರಾಯರು ಎರಡು ಹೆಜ್ಜೆ ಮುಂದೆ ಬಂದರು. ಶೆಟ್ಟಿ ಅಂಕಲ್ ಡಬ್ಬಕ್ಕೆ ಹೊಡೆದೇಬಿಟ್ಟರು.

"ಹೊಟ್ಟೆ ಮುಂದೆ ನಾನು ಹಿಂದೆ ಬಾಗಿಲಲ್ಲಿ, ಗಾಂಪರೇ..."

ರಾಗ ಎಂಥದೆಂದು ಮೊದಲೇ ಹೇಳಿದ್ದೇನೆ. ಸಭೆ ಗಂಭೀರವಾಗಿ ಕೂತಿತ್ತು. ಮಾತು ಕಿವಿಗೆ ತಲುಪುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ನಗು ಮೊದಲು ಬಂದದ್ದು ಹೆಂಗಸರಿಂದ, ಅದರಲ್ಲೂ ಅಮ್ಮನಿಂದ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಿದ್ದರು. ಕೂದಲಿನ ನುಡಿಗೂ ಸುಮ್ಮನಿದ್ದರು. ಮೂರನೆಯದು ಮೊಣಕಾಲಿನ ನುಡಿ. ಅಪ್ಪ ಬಾಯಿ ತೆರೆದರು, ನಿಲ್ಲಿಸಿದರು. ಮರೆತರೇನೋ ಎಂದುಕೊಂಡೆ. ಆಮೇಲೆ, ಮನೆಯಲ್ಲಿ ಎಂದೂ ಹಾಡದ, ಯಾವ ಜಪಾನಿಯೂ ಬರೆಯದ ಸಾಲು ಬಂತು.

"ನನ್ನ ಕೈಲಿ ಕಲಿತ ಹುಡುಗ ನನಗೆ ಬಾಸು, ಗಾಂಪರೇ..."

ಡಬ್ಬದ ತಾಳ ಒಂದು ಪೆಟ್ಟು ತಪ್ಪಿತು. ಅಮ್ಮನ ನಗು ನಿಂತಿತು.

"ಅವನ ತಪ್ಪು ತಿದ್ದಿ ಕೊಟ್ಟು 'ಎಸ್ಸು ಸಾರು', ಗಾಂಪರೇ!"

ಎಲ್ಲೋ ಬಲಗಡೆಯಿಂದ, ಮುಂದಿನ ಸಾಲಿನ ಸಫಾರಿ ಸೂಟುಗಳ ನಡುವಿನಿಂದಲೇ, ಒಂದು ಒರಟು ದನಿ "ಗಾಂಪರೇ!" ಎಂದಿತು. ಅದು ನಗುವಾಗಿರಲಿಲ್ಲ, ಹಾಜರಿ ಹೇಳಿದಂತಿತ್ತು. ಇನ್ನೊಂದು ಕಡೆಯಿಂದ ಇನ್ನೊಂದು ದನಿ ಎದ್ದಿತು. ಆಮೇಲೆ ಯಾರು ಹಾಡಿದರು ಯಾರು ಬಿಟ್ಟರು ಲೆಕ್ಕ ಸಿಗಲಿಲ್ಲ. ಅಪ್ಪ ಅದೇ ನುಡಿಯನ್ನು ಮತ್ತೆ ಹಾಡಿದರು, ಇಡೀ ಗಂಡಸರ ಕಡೆ ಮತ್ತೆ ಕೂಗಿತು. ಶಾಲು ಹೊದ್ದ ಮುಖ್ಯ ಅತಿಥಿ ಎದ್ದು ನಿಂತು, "ಮೂರ್ತಿಯವರೇ, ನಿವೃತ್ತಿ ಆದ್ಮೇಲೆ ಫೋನೇ ಬರಲ್ಲ ಅನ್ನೋದನ್ನೂ ಸೇರಿಸಿ" ಎಂದರು. ಅದನ್ನೂ ಸೇರಿಸಲಾಯಿತು.

ಆಗ ಭೀಮಸೇನರಾಯರು ಮೈಕಿನ ಹತ್ತಿರ ಬಂದರು. ಸಭೆ ತಣ್ಣಗಾಯಿತು. ನಾನು ಕುರ್ಚಿಯ ತುದಿಗೆ ಸರಿದು, ಎದ್ದು ವಾದಿಸಲು ಸಿದ್ಧಳಾದೆ.

ರಾಯರು ಮೈಕಿಗೆ ಕೈ ಅಡ್ಡ ಹಿಡಿದರು, ಆದರೂ ಮೈಕು ಎಲ್ಲವನ್ನೂ ಹೊರಗೆ ಹಾಕಿತು. "ಮೂರ್ತಿಯವರ, ನನ್ನನ್ನ ಕಾರ್ಯದರ್ಶಿ ಅಂತ ಕರಿಯೋದು ಇಲ್ಲೊಂದ ಜಾಗಾದಾಗ ನೋಡ್ರಿ. ಆಫೀಸಿನ್ಯಾಗ ನನ್ನ ಹೆಸರು ಸೈತ ಯಾರಿಗೂ ನೆನಪಿರೂದಿಲ್ಲ. ಅದನ್ನೊಂದು ಹಾಕಲಿಕ್ಕೆ ಬರತದೇನ್ರೀ?"

"ಅದು ರಾಗಕ್ಕೆ ಕೂರಲ್ಲ ರಾಯರೇ" ಎಂದರು ಅಪ್ಪ, ಮೈಕನ್ನು ಅವರ ಕಡೆ ತಿರುಗಿಸಿ. "ನೀವು ಬರೀ ಕೊನೇ ಪದ ಅನ್ನಿ. ಸಾಕು."

ರಾಯರು ಕೋಟಿನ ಗುಂಡಿ ಹಾಕಿಕೊಂಡರು, ಗಂಟಲು ಸರಿಮಾಡಿಕೊಂಡರು, ನಾಡಗೀತೆಗೆ ನಿಲ್ಲುವ ಹಾಗೆ ನೆಟ್ಟಗೆ ನಿಂತರು, ಆ ಪದ ಅಂದರು.